ಕಚೇರಿ ಜಾಲದ ಪಾಪ್-ಅಪ್ ಸಂದೇಶಗಳು: ಅರ್ಜಿದಾರರು ತಿಳಿದಿರಬೇಕಾದ ಅಂಶಗಳು

ಸೇವೆಗಳನ್ನು ಕೋರಿ ಕಚೇರಿಗಳಿಗೆ ಭೇಟಿ ನೀಡುವ ನಾಗರಿಕರು, ಸಿಬ್ಬಂದಿಯ ಗಣಕಯಂತ್ರದ ಪರದೆಯ ಮೇಲೆ ಇದ್ದಕ್ಕಿದ್ದಂತೆ ಸಣ್ಣ ಚೌಕದೊಳಗೆ ಸಂದೇಶವೊಂದು ಮೂಡುವುದನ್ನು ಕಂಡಿರಬಹುದು. "ಸರ್ವರ್ ಕೆಲವು ನಿಮಿಷಗಳಲ್ಲಿ ಸ್ಥಗಿತಗೊಳ್ಳಲಿದೆ, ಕೆಲಸವನ್ನು ಉಳಿಸಿಕೊಳ್ಳಿ" ಎಂಬಂತಹ ಈ ಸೂಚನೆಗಳನ್ನು ಪಾಪ್-ಅಪ್ ಸಂದೇಶಗಳೆಂದು ಕರೆಯಲಾಗುತ್ತದೆ. ಮನೆಯಲ್ಲಿ ಅಥವಾ ಸೈಬರ್ ಕೇಂದ್ರದಲ್ಲಿ ಅರ್ಜಿ ಭರ್ತಿ ಮಾಡುವಾಗಲೂ ಇದೇ ರೂಪದ ಸಂದೇಶಗಳು ಕಾಣಿಸಿಕೊಳ್ಳುವುದುಂಟು. ಇವು ಹೇಗೆ ಬರುತ್ತವೆ ಮತ್ತು ಇವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಸಂದೇಶ ತಲುಪುವ ಬಗೆ

ಕಚೇರಿಯ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿದಾಗ ಸ್ಥಳೀಯ ಜಾಲವು ಏರ್ಪಡುತ್ತದೆ. ಈ ಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಹೆಸರಿರುತ್ತದೆ. ವಿಂಡೋಸ್ ಎನ್‌ಟಿ, ವಿಂಡೋಸ್ 2000 ಮತ್ತು ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಗಳಲ್ಲಿ 'ಮೆಸೆಂಜರ್' ಎಂಬ ಸೇವೆಯು ತೆರೆಮರೆಯಲ್ಲಿ ಕಾರ್ಯನಿರ್ವಹಿಸುತ್ತಿತ್ತು. 'ನೆಟ್ ಸೆಂಡ್' ಎಂಬ ಆದೇಶದ ಮುಂದೆ ಯಂತ್ರದ ಹೆಸರನ್ನೂ ಸಂದೇಶವನ್ನೂ ಟೈಪ್ ಮಾಡಿದರೆ, ಆ ಯಂತ್ರದ ಪರದೆಯಲ್ಲಿ ಕಳುಹಿಸಿದವರ ಹೆಸರು, ದಿನಾಂಕ, ವೇಳೆ ಮತ್ತು 'ಓಕೆ' ಗುಂಡಿಯೊಡನೆ ಸಂದೇಶವು ಮೂಡುತ್ತಿತ್ತು. ಇದಕ್ಕೆ ಅಂತರಜಾಲ ಸಂಪರ್ಕವಾಗಲಿ ಇ-ಮೇಲ್ ವಿಳಾಸವಾಗಲಿ ಬೇಕಿರಲಿಲ್ಲ.

ಈ ವ್ಯವಸ್ಥೆಗೆ ಮೂರು ಮಿತಿಗಳಿದ್ದವು. ಮೊದಲನೆಯದಾಗಿ, ಎದುರಿನ ಯಂತ್ರವು ಆಫ್ ಆಗಿದ್ದಲ್ಲಿ ಸಂದೇಶವು ಮುಂದಿನ ದಿನಕ್ಕೆ ಕಾದಿರುತ್ತಿರಲಿಲ್ಲ. ಎರಡನೆಯದಾಗಿ, 'ಓಕೆ' ಒತ್ತಿದೊಡನೆ ಸಂದೇಶವು ಪರದೆಯಿಂದ ಮರೆಯಾಗುತ್ತಿತ್ತು. ಮೂರನೆಯದಾಗಿ, ಕಳುಹಿಸಿದವರ ಹೆಸರು ನಿಜವೇ ಎಂದು ಪರಿಶೀಲಿಸುವ ಏರ್ಪಾಡು ಇರಲಿಲ್ಲ.

ದುರುಪಯೋಗ ಮತ್ತು ನಂತರದ ಬದಲಾವಣೆಗಳು

2002ರ ಸುಮಾರಿಗೆ ಜಾಹೀರಾತುದಾರರು ಇದೇ ಸೇವೆಯನ್ನು ಬಳಸಿಕೊಂಡು, ಫೈರ್‌ವಾಲ್ ರಕ್ಷಣೆಯಿಲ್ಲದ ಯಂತ್ರಗಳಿಗೆ ಅಂತರಜಾಲದ ಮೂಲಕ ನೇರವಾಗಿ ಸಂದೇಶಗಳನ್ನು ಕಳುಹಿಸತೊಡಗಿದರು. ಇಂತಹ ಸಂದೇಶಗಳನ್ನು ಕಳುಹಿಸಿ, ಅವುಗಳನ್ನೇ ತಡೆಯುವ ತಂತ್ರಾಂಶವನ್ನು ಮಾರುತ್ತಿದ್ದ ಸಂಸ್ಥೆಯೊಂದರ ವಿರುದ್ಧ ಅಮೆರಿಕಾದ ಫೆಡರಲ್ ಟ್ರೇಡ್ ಕಮಿಷನ್ 2003ರ ನವೆಂಬರ್‌ನಲ್ಲಿ ಕಾನೂನು ಕ್ರಮ ಕೈಗೊಂಡಿತು. ಅದಕ್ಕೂ ಮುನ್ನ, ಅಕ್ಟೋಬರ್ 2003ರಲ್ಲಿ, ಈ ಸೇವೆಯಲ್ಲಿದ್ದ ಗಂಭೀರ ಭದ್ರತಾ ದೋಷವೊಂದಕ್ಕೆ ಮೈಕ್ರೋಸಾಫ್ಟ್ ಪರಿಹಾರ ಬಿಡುಗಡೆ ಮಾಡಿತ್ತು. ಆಗಸ್ಟ್ 2004ರ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಲ್ಲಿ ಮೆಸೆಂಜರ್ ಸೇವೆಯನ್ನು ನಿಷ್ಕ್ರಿಯಗೊಳಿಸಲಾಯಿತು. 2007ರಲ್ಲಿ ಸಾರ್ವಜನಿಕರಿಗೆ ದೊರೆತ ವಿಂಡೋಸ್ ವಿಸ್ಟಾದಲ್ಲಿ ಅದನ್ನು ಸಂಪೂರ್ಣವಾಗಿ ಕೈಬಿಡಲಾಯಿತು.

ಈಗ ವಿಂಡೋಸ್‌ನ ಪ್ರೊ ಮೊದಲಾದ ಆವೃತ್ತಿಗಳಲ್ಲಿ 'ಎಂಎಸ್‌ಜಿ' ಎಂಬ ಆದೇಶವಿದೆ. ಜಾಲದ ಮತ್ತೊಂದು ಯಂತ್ರಕ್ಕೆ ಇದರಿಂದ ಸಂದೇಶ ಕಳುಹಿಸಲು ಸೂಕ್ತ ಅನುಮತಿ ಇರಬೇಕಾಗುತ್ತದೆ. ನಿಗದಿತ ಸೆಕೆಂಡುಗಳ ನಂತರ ಸಂದೇಶವು ತಾನಾಗಿಯೇ ಮರೆಯಾಗುವಂತೆಯೂ ಮಾಡಬಹುದು.

ಅರ್ಜಿದಾರರಿಗೆ ಇದರ ಮಹತ್ವ

ಪಾಪ್-ಅಪ್ ಸಂದೇಶವು ಬಾಗಿಲಲ್ಲಿ ನಿಂತು ಕೂಗಿ ಹೇಳಿದ ಮಾತಿಗೆ ಸಮಾನವಾದುದು. ಅದು ಗಮನ ಸೆಳೆಯುತ್ತದೆಯೇ ಹೊರತು ಕಡತದಲ್ಲಿ ಉಳಿಯುವುದಿಲ್ಲ. ಕೌಂಟರಿನಲ್ಲಿರುವ ಸಿಬ್ಬಂದಿಯು ತಮ್ಮ ಅರ್ಜಿಯ ಬಗ್ಗೆ ವಿಷಯ ನಿರ್ವಾಹಕರ ಪರದೆಗೆ ಸಂದೇಶ ಕಳುಹಿಸಿದ್ದರೂ, ವಿಷಯ ನಿರ್ವಾಹಕರು ಆ ವೇಳೆಯಲ್ಲಿ ಸ್ಥಾನದಲ್ಲಿ ಇಲ್ಲದಿದ್ದರೆ ಅದು ಅವರ ಗಮನಕ್ಕೆ ಬಾರದೆ ಹೋಗಬಹುದು. ಆದ್ದರಿಂದ "ಒಳಗೆ ತಿಳಿಸಲಾಗಿದೆ" ಎಂಬ ಮಾತನ್ನು ಅರ್ಜಿ ಸ್ವೀಕರಿಸಿದ್ದಕ್ಕೆ ಪುರಾವೆಯೆಂದು ಪರಿಗಣಿಸಲಾಗದು. ಅರ್ಜಿದಾರರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿಯನ್ನು ಕೇಳಿ ಪಡೆಯುವುದು. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗಳಿಗೆ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯನ್ನು ನೀಡಲಾಗುತ್ತದೆ. ಅರ್ಜಿಯ ಸ್ಥಿತಿಯನ್ನು ಈ ಸಂಖ್ಯೆಯಿಂದ ತಿಳಿಯಬಹುದು. ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸುವಾಗಲೂ ಇದು ಅವಶ್ಯಕ.

2. ಅರ್ಜಿ ಭರ್ತಿ ಮಾಡುವಾಗ "ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ" ಅಥವಾ "ಶುಲ್ಕ ಬಾಕಿಯಿದೆ, ಇಲ್ಲಿ ಪಾವತಿಸಿ" ಎಂಬ ಸಂದೇಶ ಮೂಡಿದರೆ ಅದರಲ್ಲಿರುವ ಸಂಖ್ಯೆಗೆ ಕರೆ ಮಾಡಬಾರದು, ಕೊಂಡಿಯನ್ನು ಒತ್ತಬಾರದು. ಇವು ಸಾಮಾನ್ಯವಾಗಿ ಬ್ರೌಸರ್ ಮೂಲಕ ಬರುತ್ತವೆ. ಪರದೆಯಲ್ಲಿ ಇಲಾಖೆಯ ಹೆಸರು ಅಥವಾ ಲಾಂಛನ ಇದ್ದ ಮಾತ್ರಕ್ಕೆ ಸಂದೇಶವು ಇಲಾಖೆಯದೆಂದು ಭಾವಿಸತಕ್ಕದ್ದಲ್ಲ.

3. ಒಟಿಪಿ, ಪಿನ್ ಮತ್ತು ಪಾಸ್‌ವರ್ಡ್‌ಗಳನ್ನು ಇಂತಹ ಚೌಕಗಳಲ್ಲಿ ನಮೂದಿಸಬಾರದು.

4. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ದೂರು ದಾಖಲಿಸುವುದು.

ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ದ ಪ್ರಕರಣ 66ಡಿ ಅಡಿಯಲ್ಲಿ ಅಪರಾಧವಾಗಿರುತ್ತದೆ. ಇದಕ್ಕೆ 3 ವರ್ಷಗಳವರೆಗಿನ ಕಾರಾವಾಸ ಮತ್ತು 1 ಲಕ್ಷ ರೂಪಾಯಿಗಳವರೆಗಿನ ಜುಲ್ಮಾನೆ ವಿಧಿಸಬಹುದಾಗಿದೆ.

ಪರದೆಯ ಮೇಲಿನ ಸಂದೇಶದ ಬಗ್ಗೆ ಸಂಶಯ ಉಂಟಾದಲ್ಲಿ, ಸ್ವೀಕೃತಿಯೊಡನೆ ಸಂಬಂಧಪಟ್ಟ ಕಚೇರಿಯನ್ನೇ ಸಂಪರ್ಕಿಸಿ ಖಚಿತಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.