ಕಾಲೇಜಿಗೊಂದು ಇ-ಕಲಿಕಾ ಸರ್ವರ್: ಅಳವಡಿಕೆ ಒಂದು ದಿನದ್ದು, ಹೊಣೆ ಪ್ರತಿದಿನದ್ದು

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಶಾಲಾ-ಕಾಲೇಜುಗಳು ಬಾಗಿಲು ಮುಚ್ಚಿದಾಗ ಪಾಠದ ಟಿಪ್ಪಣಿಗಳು ವಾಟ್ಸ್‌ಆ್ಯಪ್ ಗುಂಪುಗಳಿಗೂ, ವಿದ್ಯಾರ್ಥಿಗಳ ಉತ್ತರಗಳು ಅಧ್ಯಾಪಕರ ಮೊಬೈಲ್‌ಗಳಿಗೂ ಬಂದು ಸೇರತೊಡಗಿದವು. ಯಾರು ಯಾವಾಗ ಉತ್ತರ ಕಳುಹಿಸಿದರು, ಯಾರಿಗೆ ಎಷ್ಟು ಅಂಕ ಬಂತು ಎಂಬುದನ್ನು ಒಂದೆಡೆ ಕ್ರಮವಾಗಿ ಇಡುವ ವ್ಯವಸ್ಥೆ ಬೇಕೆಂಬುದು ಬಹಳಷ್ಟು ಸಂಸ್ಥೆಗಳಿಗೆ ಮನವರಿಕೆಯಾದದ್ದು ಆಗಲೇ. ಇಂಥ ವ್ಯವಸ್ಥೆಯನ್ನು ಕಲಿಕಾ ನಿರ್ವಹಣಾ ತಂತ್ರಾಂಶ ಎನ್ನುತ್ತಾರೆ. ಈ ಬಗೆಯ ತಂತ್ರಾಂಶಗಳಲ್ಲಿ ಜಗತ್ತಿನಾದ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ಮೂಡಲ್.

ಮೂಡಲ್ ಉಚಿತವಾಗಿ ದೊರೆಯುತ್ತದೆ. ಯೂನಿಕ್ಸ್ ಮಾದರಿಯ ಸರ್ವರ್ ಒಂದರಲ್ಲಿ ಅದನ್ನು ಅಳವಡಿಸುವುದು, ತಿಳಿದವರಿಗೆ ಒಂದು ದಿನದೊಳಗಿನ ಕೆಲಸ. ಆದರೆ ಅದರೊಳಗೆ ಸೇರುವುದು ನೂರಾರು ವಿದ್ಯಾರ್ಥಿಗಳ ಉತ್ತರಪತ್ರಿಕೆ, ಅಂಕ, ಇ-ಮೇಲ್ ವಿಳಾಸಗಳು. ಅಳವಡಿಸುವಾಗ ಉಳಿದುಹೋಗುವ ಒಂದು ಸಣ್ಣ ಲೋಪ, ಸೆಮಿಸ್ಟರ್‌ನ ಕೊನೆಯಲ್ಲಿ ಆಂತರಿಕ ಅಂಕಗಳೇ ಕೈತಪ್ಪುವಂತೆ ಮಾಡಬಲ್ಲದು. ಆದ್ದರಿಂದ ಈ ಕೆಲಸದ ಹಂತಗಳನ್ನು ತಂತ್ರಜ್ಞರು ಮಾತ್ರವಲ್ಲ, ಪ್ರಾಂಶುಪಾಲರೂ ಆಡಳಿತ ಮಂಡಳಿಯವರೂ ಪೋಷಕರೂ ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು.

ಏನಿದು ಮೂಡಲ್?

ಈ ಹೆಸರು ಕನ್ನಡದ 'ಮೂಡಲ' ದಿಕ್ಕನ್ನು ನೆನಪಿಸುತ್ತದೆಯಾದರೂ ಎರಡಕ್ಕೂ ಸಂಬಂಧವಿಲ್ಲ. ಇದು ಉದ್ದನೆಯ ಇಂಗ್ಲಿಷ್ ಹೆಸರೊಂದರ ಮೊದಲಕ್ಷರಗಳಿಂದ ಮಾಡಿದ ಪದ. ಆಸ್ಟ್ರೇಲಿಯಾದ ಪರ್ತ್ ನಗರದ ಮಾರ್ಟಿನ್ ಡುಗಿಯಾಮಾಸ್ ಇದರ ಜನಕ. ಮೊದಲ ಪೂರ್ಣ ಆವೃತ್ತಿ 2002ರ ಆಗಸ್ಟ್‌ನಲ್ಲಿ ಹೊರಬಂತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲಿ ಇದನ್ನು ಆಯ್ದುಕೊಂಡಿತು. ನಮ್ಮ ದೇಶದಲ್ಲಿ ಬಾಂಬೆ ಐಐಟಿಯಂಥ ಸಂಸ್ಥೆಗಳು ಇದನ್ನು ಬಳಸುತ್ತಿವೆ. ಕನ್ನಡದ ಭಾಷಾ ಪೊಟ್ಟಣವೂ ಇದಕ್ಕೆ ಲಭ್ಯವಿದೆ.

ಇದು ಮುಕ್ತ ತಂತ್ರಾಂಶ. ಮೂಲ ಸಂಕೇತವನ್ನು ಯಾರು ಬೇಕಾದರೂ ಪಡೆದು, ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಪರವಾನಗಿ ಶುಲ್ಕವಿಲ್ಲ. ಆದರೆ ಸರ್ವರ್ ಬಾಡಿಗೆ, ವಿದ್ಯುತ್, ನಿರ್ವಹಣೆ ಮಾಡುವವರ ಸಂಬಳ ಇವು ಸಂಸ್ಥೆಯ ಲೆಕ್ಕಕ್ಕೇ ಬರುತ್ತವೆ ಎಂಬುದನ್ನು ಮರೆಯುವಂತಿಲ್ಲ.

ಬೇಕಾಗುವ ಸಲಕರಣೆಗಳು

ಮೂಡಲ್ ನಡೆಯಲು ನಾಲ್ಕು ಅಂಗಗಳು ಬೇಕು. ಮೊದಲನೆಯದು ಲಿನಕ್ಸ್ ಅಥವಾ ಫ್ರೀಬಿಎಸ್‌ಡಿಯಂಥ ಕಾರ್ಯಾಚರಣ ವ್ಯವಸ್ಥೆ. ಎರಡನೆಯದು ಅಪಾಚೆ ಅಥವಾ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್. ಮೂರನೆಯದು ಪಿಎಚ್‌ಪಿ ಭಾಷೆ. ನಾಲ್ಕನೆಯದು ಮರಿಯಾಡಿಬಿ, ಮೈಎಸ್‌ಕ್ಯುಎಲ್ ಅಥವಾ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಡೇಟಾಬೇಸ್. ವಿದ್ಯಾರ್ಥಿ ಒಂದು ಪುಟ ತೆರೆದೊಡನೆ ವೆಬ್ ಸರ್ವರ್ ಆ ಕೋರಿಕೆಯನ್ನು ಪಿಎಚ್‌ಪಿಗೆ ಒಪ್ಪಿಸುತ್ತದೆ, ಪಿಎಚ್‌ಪಿ ಡೇಟಾಬೇಸ್‌ನಿಂದ ಮಾಹಿತಿ ತಂದು ಪುಟವನ್ನು ಸಿದ್ಧಪಡಿಸಿ ಕೊಡುತ್ತದೆ.

ಆವೃತ್ತಿಗಳ ಹೊಂದಾಣಿಕೆ ಇಲ್ಲಿ ಮುಖ್ಯ. 2024ರ ಅಕ್ಟೋಬರ್‌ನಲ್ಲಿ ಬಂದ ಮೂಡಲ್ 4.5ಕ್ಕೆ ಪಿಎಚ್‌ಪಿ 8.1 ಅಥವಾ ಅದಕ್ಕಿಂತ ಹೊಸದು ಬೇಕು. 2025ರ ಏಪ್ರಿಲ್‌ನಲ್ಲಿ ಬಂದ 5.0ಕ್ಕೆ 8.2 ಬೇಕು. ಹಳೆಯ ಸರ್ವರ್‌ನಲ್ಲಿ ಹೊಸ ಮೂಡಲ್ ಹಾಕಲು ಹೋಗಿ ಅರ್ಧಕ್ಕೆ ನಿಲ್ಲುವವರು ಎಡವುವುದು ಬಹುತೇಕ ಇಲ್ಲಿಯೇ. 4.5 ದೀರ್ಘಾವಧಿ ಬೆಂಬಲದ ಆವೃತ್ತಿ. ಇದಕ್ಕೆ 2027ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳನ್ನು ಒದಗಿಸುವುದಾಗಿ ಘೋಷಿಸಲಾಗಿದೆ. ಪದೇ ಪದೇ ಆವೃತ್ತಿ ಬದಲಿಸಲು ಸಿಬ್ಬಂದಿ ಇಲ್ಲದ ಕಾಲೇಜುಗಳಿಗೆ ಇಂಥ ಆವೃತ್ತಿಗಳೇ ಸೂಕ್ತ.

ಪಿಎಚ್‌ಪಿಯ ಮೂಲ ಮಿತಿಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕು. ಒಂದು ನಮೂನೆಯಿಂದ 1,000ಕ್ಕಿಂತ ಹೆಚ್ಚು ಮೌಲ್ಯಗಳನ್ನು ಪಿಎಚ್‌ಪಿ ತಾನಾಗಿ ಸ್ವೀಕರಿಸುವುದಿಲ್ಲ. ಮೂಡಲ್ ಕೇಳುವುದು 5,000. ದೊಡ್ಡ ತರಗತಿಯ ಅಂಕಪಟ್ಟಿಯನ್ನು ಒಮ್ಮೆಗೇ ಉಳಿಸುವಾಗ ಅದರ ಅಗತ್ಯ ಬೀಳುತ್ತದೆ. ಅಂತೆಯೇ ಪಿಎಚ್‌ಪಿ ಮೂಲತಃ ಸ್ವೀಕರಿಸುವ ಕಡತದ ಗಾತ್ರ 2 ಎಂಬಿ ಮಾತ್ರ. ಎಂಜಿನ್‌ಎಕ್ಸ್ ಬಳಸುವವರಿಗೆ ಅದರದ್ದೇ 1 ಎಂಬಿಯ ಮಿತಿಯೂ ಸೇರಿಕೊಳ್ಳುತ್ತದೆ. ಹತ್ತು ಪುಟಗಳ ಉತ್ತರವನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಕಡತ ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಗಡುವಿನ ಕೊನೆಯ ನಿಮಿಷದಲ್ಲಿ ಅದು ತಿರಸ್ಕೃತವಾದರೆ ನಷ್ಟ ವಿದ್ಯಾರ್ಥಿಗೆ.

ಎರಡು ಫೋಲ್ಡರ್, ಎರಡು ನಿಯಮ

ಮೂಡಲ್‌ಗೆ ಎರಡು ಪ್ರತ್ಯೇಕ ಫೋಲ್ಡರ್‌ಗಳಿರುತ್ತವೆ. ಒಂದರಲ್ಲಿ ತಂತ್ರಾಂಶದ ಸಂಕೇತ, ಇನ್ನೊಂದರಲ್ಲಿ ಬಳಕೆದಾರರು ಕಳುಹಿಸಿದ ಕಡತಗಳು. ಎರಡನೆಯದನ್ನು ವಾಡಿಕೆಯಲ್ಲಿ ಮೂಡಲ್‌ಡೇಟಾ ಎನ್ನುತ್ತಾರೆ. ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ, ಒಂದು ಗುಂಪು, ಜೊತೆಗೆ ಓದುವ, ಬರೆಯುವ, ನಡೆಸುವ ಅನುಮತಿಗಳಿರುತ್ತವೆ. ಮೂಡಲ್‌ನ ಭದ್ರತೆ ಬಹುಮಟ್ಟಿಗೆ ಈ ಅನುಮತಿಗಳನ್ನೇ ಅವಲಂಬಿಸಿದೆ.

ನಿಯಮ ಒಂದು: ಸಂಕೇತದ ಫೋಲ್ಡರನ್ನು ವೆಬ್ ಸರ್ವರ್ ಓದಬಹುದು, ಬರೆಯಬಾರದು. ಬರೆಯುವ ಅನುಮತಿ ಕೊಟ್ಟರೆ, ಯಾವುದೋ ದೋಷದ ಮೂಲಕ ಒಳನುಸುಳಿದವನು ತಂತ್ರಾಂಶವನ್ನೇ ತಿದ್ದಿಬಿಡಬಹುದು. ನಿಯಮ ಎರಡು: ಮೂಡಲ್‌ಡೇಟಾ ಫೋಲ್ಡರ್‌ಗೆ ವೆಬ್ ಸರ್ವರ್ ಬರೆಯಲೇಬೇಕು, ಆದರೆ ಅದು ಅಂತರ್ಜಾಲದ ಮೂಲಕ ನೇರವಾಗಿ ತೆರೆಯುವ ಜಾಗದಲ್ಲಿ ಇರಕೂಡದು. ಇದ್ದರೆ, ಪ್ರವೇಶಪದವೇ ಇಲ್ಲದೆ ಯಾರಾದರೂ ಉತ್ತರಪತ್ರಿಕೆಗಳನ್ನು ಇಳಿಸಿಕೊಳ್ಳುವ ಅಪಾಯವಿದೆ. 2025ರ ಅಕ್ಟೋಬರ್‌ನಲ್ಲಿ ಬಂದ 5.1ನೇ ಆವೃತ್ತಿಯಲ್ಲಿ ಮೂಡಲ್ ಇನ್ನೊಂದು ಹೆಜ್ಜೆ ಮುಂದಿಟ್ಟಿದೆ. ಸಂಕೇತದ ಫೋಲ್ಡರ್‌ನೊಳಗೇ 'ಪಬ್ಲಿಕ್' ಎಂಬ ಒಳಫೋಲ್ಡರ್ ಮಾಡಿ, ಅದನ್ನಷ್ಟೇ ಹೊರಜಗತ್ತಿಗೆ ತೆರೆದಿಡುವಂತೆ ಸೂಚಿಸಿದೆ.

ಅನುಮತಿಯ ತೊಡಕು ಎದುರಾದಾಗ ಎಲ್ಲ ಫೋಲ್ಡರ್‌ಗಳಿಗೂ 777 ಎಂಬ ಸಂಖ್ಯೆ ನೀಡಿ, ಎಲ್ಲರಿಗೂ ಎಲ್ಲ ಅಧಿಕಾರ ಕೊಟ್ಟುಬಿಡುವ ರೂಢಿಯೊಂದಿದೆ. ಬೀಗದ ಕೈ ಕಳೆದಿದೆಯೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಇದು. ಸರಿಯಾದ ಒಡೆಯನನ್ನು ನಿಗದಿಪಡಿಸುವುದೇ ಪರಿಹಾರ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಅನುಮತಿ ಸರಿಯಿದ್ದರೂ ಎಸ್‌ಇ-ಲಿನಕ್ಸ್ ಎಂಬ ಇನ್ನೊಂದು ಕಾವಲು ತಡೆಯಬಹುದು. ಅದನ್ನು ಆರಿಸಿಬಿಡುವ ಬದಲು ಫೋಲ್ಡರ್‌ಗೆ ತಕ್ಕ ಗುರುತುಪಟ್ಟಿ ನೀಡಬೇಕು.

ಡೇಟಾಬೇಸ್ ಮತ್ತು ಕನ್ನಡ ಅಕ್ಷರ

ಡೇಟಾಬೇಸ್ ರಚಿಸುವಾಗ ಅಕ್ಷರ ಸಂಕೇತವನ್ನು ಆರಿಸುವುದು ಕನ್ನಡಿಗರ ಮಟ್ಟಿಗೆ ನಿರ್ಣಾಯಕ. ಲ್ಯಾಟಿನ್ ಸಂಕೇತದಲ್ಲಿ ರಚಿಸಿದ ಕೋಷ್ಟಕಕ್ಕೆ ಕನ್ನಡದ ಹೆಸರು ಬರೆದರೆ ಉಳಿಯುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯೂನಿಕೋಡ್‌ನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಮೈಎಸ್‌ಕ್ಯುಎಲ್‌ನ ಹಳೆಯ ಯುಟಿಎಫ್-8 ಮಾದರಿ 3 ಬೈಟ್‌ಗಳವರೆಗೆ ಮಾತ್ರ ಹಿಡಿದಿಡುತ್ತದೆ. ಹೀಗಾಗಿ ಕನ್ನಡ ಸರಿಯಾಗಿಯೇ ಕಾಣುತ್ತದೆ. ಆದರೆ ವಿದ್ಯಾರ್ಥಿಯೊಬ್ಬ ಉತ್ತರದ ಕೊನೆಯಲ್ಲಿ 4 ಬೈಟ್‌ಗಳ ಎಮೋಜಿ ಹಾಕಿದಾಗ ಉಳಿಸುವ ಕ್ರಿಯೆ ವಿಫಲವಾಗುತ್ತದೆ. ಆದ್ದರಿಂದ 'ಯುಟಿಎಫ್8ಎಂಬಿ4' ಎಂಬ ಮಾದರಿಯನ್ನು ಮೊದಲೇ ಆರಿಸಬೇಕು.

ಕನ್ನಡದಲ್ಲಿ ಪ್ರಮಾಣಪತ್ರ ಮುದ್ರಿಸುವ ಇರಾದೆ ಇದ್ದರೆ ಮೊದಲೇ ಪರೀಕ್ಷಿಸಿ ನೋಡುವುದು ಲೇಸು. ಪರದೆಯ ಮೇಲೆ ಸರಿಯಾಗಿ ಕಾಣುವ ಒತ್ತಕ್ಷರಗಳು ಪಿಡಿಎಫ್ ಆಗುವಾಗ ಚೆಲ್ಲಾಪಿಲ್ಲಿಯಾಗಬಹುದು.

ವಿಳಾಸ ಮೊದಲು, ಅಳವಡಿಕೆ ನಂತರ

ಇಷ್ಟು ಸಿದ್ಧವಾದ ಮೇಲೆ ಅಳವಡಿಕೆಯನ್ನು ಬ್ರೌಸರ್ ಮೂಲಕವೋ ಆದೇಶ ಸಾಲಿನ ಮೂಲಕವೋ ನಡೆಸಬಹುದು. ಕೊನೆಗೆ 'ಕಾನ್ಫಿಗ್' ಎಂಬ ಕಡತ ಸಿದ್ಧವಾಗುತ್ತದೆ. ಡೇಟಾಬೇಸ್‌ನ ಹೆಸರು, ಅದರ ಪ್ರವೇಶಪದ, ಮೂಡಲ್‌ಡೇಟಾದ ಸ್ಥಳ, ತಾಣದ ವಿಳಾಸ ಇವೆಲ್ಲ ಇದರಲ್ಲಿರುತ್ತವೆ. ಈ ಕಡತವನ್ನು ಎಲ್ಲರೂ ಓದುವಂತೆ ಬಿಡಬಾರದು.

ತಾಣದ ವಿಳಾಸವನ್ನು ಅಳವಡಿಕೆಗೆ ಮುನ್ನವೇ ನಿರ್ಧರಿಸಿಕೊಳ್ಳಬೇಕು. ಪ್ರಯೋಗಾಲಯದ ಗಣಕಯಂತ್ರದಲ್ಲಿ 'ಲೋಕಲ್‌ಹೋಸ್ಟ್' ಎಂದು ನಮೂದಿಸಿ ಅಳವಡಿಸಿದರೆ ಆ ಯಂತ್ರದಲ್ಲಿ ಎಲ್ಲವೂ ಸರಿ ಕಾಣುತ್ತದೆ, ಪಕ್ಕದ ಯಂತ್ರದಲ್ಲಿ ಮಾತ್ರ ತೆರೆಯದು. ಪಾಠಗಳೊಳಗಿನ ಕೊಂಡಿಗಳಲ್ಲೂ ಅದೇ ವಿಳಾಸ ಸೇರಿಕೊಳ್ಳುವುದರಿಂದ ಮುಂದೆ ಬದಲಿಸುವುದು ತ್ರಾಸದಾಯಕ. ಎನ್‌ಕ್ರಿಪ್ಟ್ ಆದ ಸುರಕ್ಷಿತ ಸಂಪರ್ಕವನ್ನೂ ಮೊದಲ ದಿನವೇ ಒದಗಿಸಬೇಕು. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ನೀಡುತ್ತದೆ. ಅದರ ಅವಧಿ ಅಲ್ಪವಾದ್ದರಿಂದ ತಾನಾಗಿ ನವೀಕರಣಗೊಳ್ಳುವ ಏರ್ಪಾಡು ಇರಬೇಕು.

ಸಮಯವಲಯವೂ ಅಷ್ಟೇ ಮುಖ್ಯ. ಬಾಡಿಗೆ ಸರ್ವರ್‌ಗಳು ಸಾಮಾನ್ಯವಾಗಿ ಜಾಗತಿಕ ಕಾಲಮಾನದಲ್ಲಿರುತ್ತವೆ. ಅದಕ್ಕೂ ಭಾರತೀಯ ಕಾಲಮಾನಕ್ಕೂ ಐದೂವರೆ ಗಂಟೆಗಳ ಅಂತರ. ಮೂಡಲ್‌ನಲ್ಲಿ ಭಾರತದ ವಲಯವನ್ನು ಆರಿಸದಿದ್ದರೆ, ಬೆಳಗ್ಗೆ 10ಕ್ಕೆ ತೆರೆಯಬೇಕಾದ ಪರೀಕ್ಷೆ ಮಧ್ಯಾಹ್ನ 3.30ಕ್ಕೆ ತೆರೆದೀತು.

ಪ್ರತಿ ನಿಮಿಷದ ಕೆಲಸಗಾರ

ನಿಗದಿತ ವೇಳೆಗೆ ತಾನಾಗಿ ಕೆಲಸ ನಡೆಸುವ 'ಕ್ರಾನ್' ಎಂಬ ಸೌಲಭ್ಯ ಯೂನಿಕ್ಸ್‌ನಲ್ಲಿದೆ. ಮೂಡಲ್‌ನ ಹಿನ್ನೆಲೆ ಕಾರ್ಯಗಳನ್ನು ಪ್ರತಿ ನಿಮಿಷಕ್ಕೊಮ್ಮೆ ಇದರ ಮೂಲಕ ನಡೆಸಬೇಕೆಂಬುದು ಶಿಫಾರಸು. ಕ್ರಾನ್ ಇಲ್ಲದಿದ್ದರೂ ತಾಣ ತೆರೆಯುತ್ತದೆ, ಪಾಠ ಕಾಣುತ್ತದೆ. ಆದರೆ ಚರ್ಚಾ ವೇದಿಕೆಯ ಇ-ಮೇಲ್‌ಗಳು ಹೋಗುವುದಿಲ್ಲ, ನಿಗದಿತ ಬ್ಯಾಕಪ್ ನಡೆಯುವುದಿಲ್ಲ. ಲೋಪ ಕಣ್ಣಿಗೆ ಬೀಳದಿರುವುದೇ ಇದರ ಅಪಾಯ. ಈ ಕೆಲಸವನ್ನು ರೂಟ್ ಬಳಕೆದಾರನ ಹೆಸರಲ್ಲಿ ನಡೆಸದೆ, ವೆಬ್ ಸರ್ವರ್‌ನ ಬಳಕೆದಾರನ ಹೆಸರಲ್ಲೇ ನಡೆಸಬೇಕು. ಇಲ್ಲವಾದರೆ ರೂಟ್ ಒಡೆತನದ ಕಡತಗಳು ಸೃಷ್ಟಿಯಾಗಿ, ಮುಂದೆ ಮೂಡಲ್‌ಗೇ ಅವುಗಳನ್ನು ಬದಲಿಸಲಾಗದ ಸ್ಥಿತಿ ಬರುತ್ತದೆ.

ಪರೀಕ್ಷೆಯ ದಿನದ ಒತ್ತಡ

ದಿನವಿಡೀ ಬಿಡಿಬಿಡಿಯಾಗಿ ಬರುವ ಐನೂರು ಮಂದಿಯನ್ನು ತಾಳಿಕೊಳ್ಳುವ ಸರ್ವರ್, ಒಂದೇ ಕ್ಷಣದಲ್ಲಿ ಬರುವ ನೂರು ಮಂದಿಯೆದುರು ಕುಸಿಯಬಹುದು. ಪರೀಕ್ಷೆ ಆರಂಭವಾಗುವಾಗ ಎಲ್ಲರೂ ಒಟ್ಟಿಗೇ ಪುಟ ತೆರೆಯುತ್ತಾರೆ. ಮೇಲಾಗಿ, ಬರೆಯುತ್ತಿರುವ ಉತ್ತರಗಳನ್ನು ಮೂಡಲ್ ಆಗಾಗ ತಾನಾಗಿ ಉಳಿಸುತ್ತಿರುತ್ತದೆ.

ಇಲ್ಲಿ ಸರಳ ಲೆಕ್ಕವೊಂದು ನೆರವಾಗುತ್ತದೆ. ಸರ್ವರ್‌ನ ಸ್ಮೃತಿ 4 ಜಿಬಿ, ಅದರಲ್ಲಿ ವ್ಯವಸ್ಥೆಗೂ ಡೇಟಾಬೇಸ್‌ಗೂ 1.5 ಜಿಬಿ ಹೋಯಿತೆಂದುಕೊಳ್ಳೋಣ. ಒಂದೊಂದು ಪಿಎಚ್‌ಪಿ ಪ್ರಕ್ರಿಯೆ 60 ಎಂಬಿ ಬಳಸಿದರೆ, ಉಳಿದ 2.5 ಜಿಬಿಯಲ್ಲಿ ಏಕಕಾಲಕ್ಕೆ ಸುಮಾರು 40 ಪ್ರಕ್ರಿಯೆಗಳಿಗೆ ಮಾತ್ರ ಜಾಗ. ಮಿತಿಯನ್ನು 40ಕ್ಕೆ ನಿಲ್ಲಿಸಿದರೆ ಮಿಕ್ಕವರು ಕೆಲ ಕ್ಷಣ ಕಾಯುತ್ತಾರೆ. 200ಕ್ಕೆ ಏರಿಸಿದರೆ ಸ್ಮೃತಿ ತುಂಬಿ, ಸರ್ವರ್ ಡಿಸ್ಕ್‌ನ ಮೊರೆಹೋಗಿ, ಎಲ್ಲರ ಪರೀಕ್ಷೆಯೂ ನಿಂತುಹೋಗಬಹುದು. ಮಿತಿ ಹಾಕುವುದು ಜಿಪುಣತನವಲ್ಲ, ರಕ್ಷಣೆ. ತಂಡಗಳನ್ನಾಗಿ ವಿಂಗಡಿಸಿ ಹತ್ತು ನಿಮಿಷಗಳ ಅಂತರದಲ್ಲಿ ಪರೀಕ್ಷೆ ಆರಂಭಿಸುವುದು ಖರ್ಚಿಲ್ಲದ ಉಪಾಯ.

ಬ್ಯಾಕಪ್ ಎಂದರೆ ಎರಡೂ ಬೇಕು

ಮೂಡಲ್ ಕಡತಗಳನ್ನು ಅವುಗಳ ಮೂಲ ಹೆಸರಿನಲ್ಲಿ ಇಡುವುದಿಲ್ಲ. ಪ್ರತಿ ಕಡತದ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಉದ್ದನೆಯ ಸಂಕೇತವೊಂದು ಅದರ ಹೆಸರಾಗುತ್ತದೆ. ಅದು ಯಾರ ಉತ್ತರಪತ್ರಿಕೆ, ಯಾವ ವಿಷಯದ್ದು ಎಂಬ ವಿವರ ಇರುವುದು ಡೇಟಾಬೇಸ್‌ನಲ್ಲಿ. ಮೂಡಲ್‌ಡೇಟಾವನ್ನು ಮಾತ್ರ ಉಳಿಸಿಕೊಂಡರೆ ಕೈಯಲ್ಲಿರುವುದು ಹೆಸರಿಲ್ಲದ ಸಾವಿರಾರು ಕಡತಗಳ ರಾಶಿ. ಡೇಟಾಬೇಸ್ ಮಾತ್ರ ಉಳಿಸಿಕೊಂಡರೆ ಹೆಸರುಗಳಿವೆ, ಉತ್ತರಪತ್ರಿಕೆಗಳಿಲ್ಲ. ಎರಡನ್ನೂ ಒಂದೇ ವೇಳೆಯಲ್ಲಿ ನಕಲು ಮಾಡಿ, ಜೊತೆಗೆ ಕಾನ್ಫಿಗ್ ಕಡತವನ್ನೂ ಸೇರಿಸಿ, ಬೇರೊಂದು ಸ್ಥಳದ ಯಂತ್ರದಲ್ಲಿ ಇಡಬೇಕು. ಅದೇ ಸರ್ವರ್‌ನ ಅದೇ ಡಿಸ್ಕ್‌ನಲ್ಲಿಟ್ಟ ಪ್ರತಿ, ಡಿಸ್ಕ್ ಕೆಟ್ಟ ದಿನ ಅದರೊಂದಿಗೇ ಹೋಗುತ್ತದೆ. ಸೆಮಿಸ್ಟರ್‌ಗೊಮ್ಮೆಯಾದರೂ ಆ ಪ್ರತಿಯಿಂದ ಪ್ರಯೋಗಕ್ಕಾಗಿ ತಾಣವನ್ನು ಮರುಸ್ಥಾಪಿಸಿ ನೋಡಬೇಕು. ಮರುಸ್ಥಾಪಿಸಿ ನೋಡದ ಬ್ಯಾಕಪ್‌ನ ಮೇಲೆ ಭರವಸೆ ಇಡಲಾಗದು.

ಹೊಣೆ ಯಾರದು?

ಹೊಸ ಆವೃತ್ತಿಗೆ ಏರಿಸುವ ಕ್ರಮವೂ ಗೊತ್ತಿರಬೇಕು. ಮೊದಲು ಬ್ಯಾಕಪ್, ಬಳಿಕ ತಾಣವನ್ನು ದುರಸ್ತಿ ಸ್ಥಿತಿಗೆ ತಂದು ಬಳಕೆದಾರರನ್ನು ತಡೆಹಿಡಿಯುವುದು, ಆಮೇಲೆ ಸಂಕೇತ ಬದಲಿಸಿ ನವೀಕರಣ ನಡೆಸುವುದು. ಬಹಳ ಹಳೆಯ ಆವೃತ್ತಿಯಿಂದ ನೇರವಾಗಿ ಹೊಸದಕ್ಕೆ ಜಿಗಿಯಲಾಗದು, ನಡುವಿನ ಆವೃತ್ತಿಯೊಂದನ್ನು ಹಾದುಹೋಗಬೇಕಾಗುತ್ತದೆ. ವರ್ಷಗಟ್ಟಲೆ ನವೀಕರಿಸದೆ ಬಿಟ್ಟವರಿಗೆ ಈ ದಾರಿ ಅಷ್ಟಷ್ಟೂ ಉದ್ದವಾಗುತ್ತದೆ, ಗೊತ್ತಿರುವ ಭದ್ರತಾ ದೋಷಗಳು ಅಲ್ಲಿಯವರೆಗೂ ತೆರೆದೇ ಇರುತ್ತವೆ.

2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ವಿಶೇಷ ರಕ್ಷಣೆಯನ್ನು ವಿಧಿಸಿದೆ. ಪದವಿಪೂರ್ವ ಕಾಲೇಜುಗಳ ಬಹುಪಾಲು ವಿದ್ಯಾರ್ಥಿಗಳು ಈ ವಯೋಮಿತಿಯೊಳಗೇ ಬರುತ್ತಾರೆ. ಸ್ವಂತ ಸರ್ವರ್ ಇಟ್ಟುಕೊಂಡ ಸಂಸ್ಥೆ ಆ ಮಾಹಿತಿಯ ಪಾಲಕನೂ ಹೌದು.

ಉತ್ಸಾಹಿ ಅಧ್ಯಾಪಕರೊಬ್ಬರು ಅಳವಡಿಸಿ, ಅವರು ವರ್ಗಾವಣೆಯಾದೊಡನೆ ಪ್ರವೇಶಪದವೂ ಯಾರಿಗೂ ತಿಳಿಯದೆ ಹೋಗುವಂಥ ಏರ್ಪಾಡು ಯಾವ ಸಂಸ್ಥೆಗೂ ತಕ್ಕುದಲ್ಲ. ಕನಿಷ್ಠ ಇಬ್ಬರಿಗೆ ನಿರ್ವಹಣೆ ತಿಳಿದಿರಲಿ, ಕೈಗೊಂಡ ಪ್ರತಿ ಹೆಜ್ಜೆಯೂ ದಾಖಲಾಗಿರಲಿ, ಪ್ರವೇಶಪದಗಳು ಪ್ರಾಂಶುಪಾಲರ ವಶದಲ್ಲಿ ಭದ್ರವಾಗಿರಲಿ. ಅಷ್ಟು ಸಿಬ್ಬಂದಿ ಇಲ್ಲದ ಸಂಸ್ಥೆಗಳು ನಿರ್ವಹಣೆಯನ್ನು ಹೊರಗಿನವರಿಗೆ ಒಪ್ಪಿಸುವುದೇ ಸೂಕ್ತ. ಆಗಲೂ ಬ್ಯಾಕಪ್ ಪ್ರತಿಯೊಂದು ಸಂಸ್ಥೆಯ ಕೈಯಲ್ಲಿ ಇರಬೇಕೆಂಬ ಷರತ್ತನ್ನು ಕರಾರಿನಲ್ಲಿ ಬರೆಸಿಕೊಳ್ಳುವುದು ಅಗತ್ಯ.