ಸೆರೆಯಲ್ಲಿದ್ದವನ ಸಂಬಳ

ನಂಜನಗೂಡಿನಲ್ಲಾಗಲಿ ತಿರುಮಕೂಡಲು ನರಸೀಪುರದಲ್ಲಾಗಲಿ, ಮನೆಯ ಯಜಮಾನನು ದೂರದೇಶದ ನೌಕರಿಗೆ ಹೋದನೆಂದರೆ ಹಿಂದುಳಿದವರು ಎದುರುನೋಡುವುದು ಎರಡನ್ನು: ಕ್ಷೇಮದ ಕಾಗದ, ತಿಂಗಳ ಸಂಬಳ. ಅಂಗಡಿಯ ಬಾಕಿ, ಮಕ್ಕಳ ಓದು, ವೃದ್ಧರ ಔಷಧ ಎಲ್ಲವೂ ಆ ಹಣವನ್ನೇ ನಂಬಿರುತ್ತವೆ. ಆ ನೌಕರನು ಯುದ್ಧದಲ್ಲಿ ಶತ್ರುವಿಗೆ ಸೆರೆಯಾದರೆ, ಸೆರೆಯಲ್ಲಿ ಕಳೆದ ದಿನಗಳಿಗೆ ಸಂಬಳವುಂಟೆ?

ಈ ಪ್ರಶ್ನೆಯು ನಮ್ಮ ಸೀಮೆಗೆ ಹೊರತಾದುದಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರಿಗೆ ಶರಣಾದಾಗ, ಸೆರೆಸಿಕ್ಕ ಸೇನೆಯಲ್ಲಿ ಮೈಸೂರು ಸಂಸ್ಥಾನದ ಒಂದನೆಯ ಪದಾತಿದಳವೂ ಇದ್ದಿತು. ಸೆರೆಯಾದ ಭಾರತೀಯ ಯೋಧರಲ್ಲಿ ಹಲವರು ಆಜಾದ್ ಹಿಂದ್ ಫೌಜನ್ನು ಸೇರಿದರು. ದೆಹಲಿಯ ಕೆಂಪುಕೋಟೆಯ ವಿಚಾರಣೆಯಲ್ಲಿ ಷಾ ನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಎಂಬ ಮೂವರು ಅಧಿಕಾರಿಗಳಿಗೆ ಆಜೀವ ದ್ವೀಪಾಂತರವಾಸ ವಿಧಿಸಲಾಯಿತು. 1946ರ ಜನವರಿಯಲ್ಲಿ ಸೇನಾಧಿಪತಿಯು ಆ ಶಿಕ್ಷೆಯನ್ನು ಮನ್ನಿಸಿದನು. ಆದರೆ ಪದಚ್ಯುತಿಯನ್ನೂ ಬಾಕಿ ಸಂಬಳದ ಜಪ್ತಿಯನ್ನೂ ಉಳಿಸಿದನು. ಜೀವ ಉಳಿಯಿತು, ದುಡಿದ ಹಣ ಹೋಯಿತು.

ಅತ್ತ ಡಚ್ಚರ ಈಸ್ಟ್ ಇಂಡೀಸಿನಲ್ಲಿ ಸರ್ಕಾರಿ ನೌಕರರೂ ಸಿಪಾಯಿಗಳೂ 1942ರಿಂದ 1945ರವರೆಗೆ ಜಪಾನೀಯರ ಸೆರೆಶಿಬಿರಗಳಲ್ಲಿ ನರಳಿದರು. ಅವರ ಆ ಅವಧಿಯ ಸಂಬಳವನ್ನು ನೆದರ್ಲೆಂಡ್ಸ್ ಸರ್ಕಾರವು ಕೊಡಲೊಪ್ಪಲಿಲ್ಲ; ಸಾಲಗಾರನು ತಾನಲ್ಲ, ವಸಾಹತಿನ ಸರ್ಕಾರವೆಂದೂ, ಅದರ ಹೊಣೆಯು 1949ರಲ್ಲಿ ಸ್ವತಂತ್ರ ಇಂಡೊನೇಷ್ಯಕ್ಕೆ ಸೇರಿತೆಂದೂ ವಾದಿಸಿತು. ಕಡೆಗೆ 2015ರಲ್ಲಿ ಬದುಕುಳಿದವರಿಗೆ ತಲಾ 25,000 ಯೂರೋ ಕೊಡಲು ಒಪ್ಪಿತು. ಆ ವರ್ಷದ ಆಗಸ್ಟ್ 15ರಂದು ಜೀವಂತವಾಗಿದ್ದವರಿಗೆ ಮಾತ್ರ! ಯುದ್ಧ ಮುಗಿದು 70 ವರ್ಷಗಳು ಸಂದಿದ್ದವು. ಅದಕ್ಕೆ ಮೊದಲೇ ತೀರಿಕೊಂಡ ಸಹಸ್ರಾರು ಜನರ ವಿಧವೆಯರಿಗೂ ಮಕ್ಕಳಿಗೂ ಏನೂ ದೊರೆಯಲಿಲ್ಲ.

ಇಂಗ್ಲೆಂಡಿನ ಸರ್ಕಾರವು 2000ನೆಯ ಇಸವಿಯಲ್ಲಿ ಜಪಾನೀಯರ ಸೆರೆಯಿಂದ ಬಂದವರಿಗೂ, ತೀರಿಹೋದವರ ಪತ್ನಿಯರಿಗೂ 10,000 ಪೌಂಡುಗಳನ್ನು ಘೋಷಿಸಿತು. ಇದು ಸಂಬಳವಲ್ಲ, ಗೌರವಧನ; ವಿಧವೆಯರನ್ನು ಮರೆಯದಿರುವುದು ಮೆಚ್ಚತಕ್ಕುದು. ಆದರೆ ಹಳೆಯ ಭಾರತೀಯ ಸೇನೆಯಲ್ಲಿದ್ದವರನ್ನು ಹೊರಗಿಟ್ಟಿತ್ತು. ಗೂರ್ಖಾ ಯೋಧರನ್ನು ಬಿಟ್ಟುದು ನ್ಯಾಯವಲ್ಲವೆಂದು ಲಂಡನ್ನಿನ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತಿತು.

ಸಂಬಳವೆಂಬುದು ದಾನವಲ್ಲ, ಋಣ. ಸೆರೆಯಾಳು ರಜೆಯ ಮೇಲೆ ಹೋದವನಲ್ಲ. ಕೆಲಸಕ್ಕೆ ಕಳುಹಿಸಿದವರ ಹೆಸರಿನಲ್ಲಿಯೇ ಅವನು ಸೆರೆಯಾದನು. ನಮ್ಮ ಮನೆಗಳಲ್ಲಿ ಸಾಲಗಾರನು ಸತ್ತರೂ ಸಾಲ ಸಾಯದೆಂದು ಮಕ್ಕಳು ತೀರಿಸುತ್ತಾರೆ. ಒಡೆಯನು ಬದಲಾದನೆಂದು ಲೆಕ್ಕವು ಬದಲಾಗಲಾಗದು. ಹಿರಿಯರ ಹಳೆಯ ಸೇವಾಪತ್ರಗಳು ಮನೆಯ ಪೆಟ್ಟಿಗೆಯಲ್ಲಿದ್ದರೆ ವಾಚಕರು ಅವನ್ನು ರದ್ದಿಗೆ ಹಾಕದೆ ಜೋಪಾನವಾಗಿ ಇಡಬೇಕೆಂಬುದು ನಮ್ಮ ಬಿನ್ನಹ. ಕೊಡುವವರ ಮನಸ್ಸು ಕರಗುವಷ್ಟರಲ್ಲಿ ಪಡೆಯುವವರ ಆಯುಸ್ಸು ತೀರಿದ್ದರೂ, ಅವರು ದುಡಿದುದಕ್ಕೆ ಸಾಕ್ಷಿಯಾದರೂ ಉಳಿಯಲಿ.