ಬಿರುಕಿನ ಬೆನ್ನ ಹಿಂದೆ ಪಾಠ

ಜಮಖಂಡಿ, ಮುಧೋಳ, ಬೀಳಗಿಯ ಕಬ್ಬಿನ ಸೀಮೆಯಲ್ಲೂ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲೂ ಹಳೆಯ ಪಿಕಪ್ ಗಾಡಿಯೊಂದು ಮನೆಯ ದುಡಿಮೆಗೆ ಆಸರೆಯಾಗಬಲ್ಲದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಮೊದಲು ಕಣ್ಣಿಗೆ ಬೀಳುವುದು ಬಂಪರ್, ಡ್ಯಾಶ್‌ಬೋರ್ಡುಗಳ ಬಿರುಕು. ಕೂಡಲೇ ಅಂಟು ಮೆತ್ತುತ್ತಾರೆ. ಕೆಲವೇ ದಿನಗಳಲ್ಲಿ ಅದು ಬಿಟ್ಟುಕೊಳ್ಳುತ್ತದೆ. ಏಕೆ?

ಒಡೆದ ಭಾಗವನ್ನು ಬಿಚ್ಚಿ ಹಿಂಬದಿ ನೋಡಿ. ಸಾಮಾನ್ಯವಾಗಿ ಅಲ್ಲಿ ಪ್ಲಾಸ್ಟಿಕ್ಕಿನ ಜಾತಿ ಹೇಳುವ ಇಂಗ್ಲಿಷ್ ಅಕ್ಷರಗಳಿರುತ್ತವೆ. 'ಪಿಪಿ' ಎಂದರೆ ಪಾಲಿಪ್ರೊಪಿಲೀನ್. ಇದಕ್ಕೆ ಸಾಮಾನ್ಯ ಅಂಟು ಹಿಡಿಯದು. ಬಿಸಿ ಮಾಡಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಬೆಸೆಯಬೇಕು. 'ಎಬಿಎಸ್' ಆದರೆ ಅಸಿಟೋನಿನಲ್ಲಿ ಕರಗುತ್ತದೆ. ಅದರ ಚೂರುಗಳನ್ನೇ ಕರಗಿಸಿದ ಲೇಪದಿಂದ ಬಿರುಕು ಕೂಡಿಸಬಹುದು.

ಎಚ್ಚರಿಕೆಯೂ ಬೇಕು. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುತ್ತದೆ. ಕರಗುವ ಪ್ಲಾಸ್ಟಿಕ್ಕಿನ ಹೊಗೆ ಕೆಟ್ಟದ್ದು. ಈ ಕೆಲಸ ಬಯಲಲ್ಲಿ, ಹಿರಿಯರ ಎದುರಿಗೇ ನಡೆಯಲಿ. ಏರ್‌ಬ್ಯಾಗಿನ ಮುಚ್ಚಳ ಬಿರಿದಿದ್ದರೆ ಮುಟ್ಟಲೇಬಾರದು. ತಿಳಿದ ಮೆಕ್ಯಾನಿಕ್ಕಿಗೆ ಒಪ್ಪಿಸಬೇಕು.

ಬಿರುಕಿಗೆ ಮುಖ್ಯ ಕಾರಣಗಳಲ್ಲೊಂದು ನಮ್ಮ ಬಿಸಿಲು. ಅದರ ಅತಿನೇರಳೆ ಕಿರಣಗಳು ಪಾಲಿಮರಿನ ಉದ್ದ ಸರಪಳಿಗಳನ್ನು ತುಂಡರಿಸುತ್ತವೆ, ಪ್ಲಾಸ್ಟಿಕ್ ಪೆಡಸಾಗುತ್ತದೆ. ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸುವುದೇ ಅಗ್ಗದ ಔಷಧ.

ಪಾಲಕರೇ, ಮುಂದಿನ ಸಲ ಗಾಡಿ ಬಿಚ್ಚುವಾಗ ಮಕ್ಕಳನ್ನು ಪಕ್ಕಕ್ಕೆ ಕರೆಯಿರಿ. ಪುಸ್ತಕದ ಪಾಲಿಮರ್ ಪಾಠ ಅವರ ಕೈಗೇ ಸಿಗುತ್ತದೆ.